ಮನೆಯ ಗಣಕಯಂತ್ರದಲ್ಲಿರುವ ದಾಖಲೆಗಳ ಪ್ರತಿ ಕಾಯ್ದಿರಿಸುವುದು: ಅರ್ಜಿದಾರರಿಗೆ ಮಾಹಿತಿ

ಖಾತಾ ವರ್ಗಾವಣೆ, ಋಣಭಾರ ಪ್ರಮಾಣ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಮನೆಯ ಗಣಕಯಂತ್ರದ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದು ರೂಢಿಯಾಗಿದೆ. ಹಾರ್ಡ್ ಡಿಸ್ಕ್ ಯಾವುದೇ ಮುನ್ಸೂಚನೆಯಿಲ್ಲದೆ ಕೆಡಬಹುದು. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯಲ್ಲಿ ವಿದ್ಯುತ್ ಪದೇ ಪದೇ ಹೋಗಿ ಬರುವುದರಿಂದಲೂ ಅದಕ್ಕೆ ಹಾನಿಯುಂಟು. 2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಯ ತಗ್ಗು ಭಾಗಗಳು ಜಲಾವೃತವಾಗಿದ್ದವು. ಇಂತಹ ಕಡೆ ನೆಲಮಹಡಿಯಲ್ಲಿ, ಮೇಜಿನ ಕೆಳಗೆ ಇಟ್ಟ ಗಣಕಯಂತ್ರಕ್ಕೆ ಅಪಾಯ ಹೆಚ್ಚು.

ಯಾವ ದಾಖಲೆಗೆ ಆದ್ಯತೆ

ಕಳೆದುಹೋದ ಎಲ್ಲ ಕಡತಗಳೂ ಒಂದೇ ತೂಕದವಲ್ಲ. ನೋಂದಾಯಿತ ಕ್ರಯಪತ್ರದ ದೃಢೀಕೃತ ಪ್ರತಿಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಶುಲ್ಕ ಪಾವತಿಸಿ ಮತ್ತೆ ಪಡೆಯಬಹುದು. ಜನನ ಮತ್ತು ಮರಣ ಪ್ರಮಾಣ ಪತ್ರಗಳ ವಿಷಯವೂ ಹಾಗೆಯೇ. ಆದರೆ ನೋಂದಣಿಯಾಗದ ಉಯಿಲು, ಕುಟುಂಬದೊಳಗೆ ಬರೆದುಕೊಂಡ ಪಾಲುಪಟ್ಟಿಯ ಟಿಪ್ಪಣಿ, ಹಳೆಯ ಕಂದಾಯ ರಸೀದಿ, ತೀರಿಕೊಂಡವರ ಭಾವಚಿತ್ರ ಇವುಗಳಿಗೆ ಬೇರೆ ಕಚೇರಿಯೆಂಬುದಿಲ್ಲ. ಜಯನಗರದ ಅನೇಕ ನಿವೇಶನಗಳು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾಗುವ ಮೊದಲೇ ಸಿ.ಐ.ಟಿ.ಬಿ.ಯಿಂದ ಹಂಚಿಕೆಯಾದವು. ಅಂದಿನ ಹಂಚಿಕೆ ಪತ್ರ ಹಾಗೂ ಹಣ ಕಟ್ಟಿದ ರಸೀದಿಗಳ ಕಾಗದ ಈಗಾಗಲೇ ಜೀರ್ಣವಾಗಿದ್ದಲ್ಲಿ, ಸ್ಕ್ಯಾನ್ ಮಾಡಿದ ಪ್ರತಿಯೇ ಓದಲು ಉಳಿಯುವ ಏಕೈಕ ಪ್ರತಿಯಾಗಬಹುದು. ಮನೆಗಳಲ್ಲಿ ಸಾಮಾನ್ಯವಾಗಿ ಚಲನಚಿತ್ರ ಮತ್ತು ಹಾಡುಗಳ ಪ್ರತಿ ಮೊದಲು ಆಗುತ್ತದೆ, ಇವು ಕೊನೆಗೆ ಉಳಿಯುತ್ತವೆ. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಸ್ಕ್ಯಾನ್ ಪ್ರತಿ ಇದೆಯೆಂದು ಮೂಲ ಕಾಗದವನ್ನು ವಿಲೇವಾರಿ ಮಾಡಕೂಡದು.

ಡಿಜಿಟಲ್ ಸಹಿಯುಳ್ಳ ಪ್ರಮಾಣ ಪತ್ರಗಳನ್ನು ಡೌನ್‌ಲೋಡ್ ಮಾಡಿದ ಪಿ.ಡಿ.ಎಫ್. ಕಡತದ ರೂಪದಲ್ಲಿಯೇ ಕಾಯ್ದಿರಿಸತಕ್ಕದ್ದು. ಅದನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಸಹಿಯ ಚಿತ್ರ ಮಾತ್ರ ಉಳಿಯುತ್ತದೆ. ಗಣಕಯಂತ್ರವು ಪರಿಶೀಲಿಸಬಲ್ಲ ಸಹಿ ಉಳಿಯುವುದಿಲ್ಲ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿಯೂ ಇಂತಹುದೇ ವ್ಯತ್ಯಾಸವಿದೆ. ಇಲಾಖೆಯೇ ಅದರಲ್ಲಿ ವಿತರಿಸಿದ ದಾಖಲೆಗೆ ಮೂಲ ದಾಖಲೆಯ ಮಾನ್ಯತೆಯಿದೆ. ನಾಗರಿಕರು ತಾವೇ ಅಪ್‌ಲೋಡ್ ಮಾಡಿದ ಸ್ಕ್ಯಾನ್ ಪ್ರತಿಗೆ ಆ ಮಾನ್ಯತೆಯಿಲ್ಲ.

ಹಳೆಯ ಕನ್ನಡ ಕಡತಗಳು

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಅರ್ಜಿ, ಕರಾರು ಪತ್ರ ಮತ್ತು ವಂಶವೃಕ್ಷಗಳು ಯೂನಿಕೋಡ್‌ನಲ್ಲಿರುವುದಿಲ್ಲ. ಕಡತವನ್ನು ಮಾತ್ರ ನಕಲು ಮಾಡಿ, ಆ ಫಾಂಟ್ ಇಲ್ಲದ ಹೊಸ ಗಣಕಯಂತ್ರದಲ್ಲಿ ತೆರೆದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಾಲು ಕಾಣುತ್ತದೆ. ಪ್ರತಿ ಕೆಟ್ಟಿದೆಯೆಂದು ಭಾವಿಸಿ ಅಳಿಸಿಹಾಕುವುದು ತಪ್ಪು. ದತ್ತಾಂಶ ಹಾಗೆಯೇ ಇರುತ್ತದೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಫಾಂಟ್ ಕಡತಗಳನ್ನೂ ಜೊತೆಗೆ ನಕಲು ಮಾಡಿಕೊಳ್ಳಬೇಕು, ಮುಖ್ಯ ಕಡತಗಳನ್ನು ಪಿ.ಡಿ.ಎಫ್.ಗೆ ಬದಲಾಯಿಸಬೇಕು. ಸಾಧ್ಯವಾದಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮೂಲದೊಂದಿಗೆ ತಾಳೆ ನೋಡಬೇಕು. ಹೆಸರಿನ ಒಂದು ಅಕ್ಷರ ತಪ್ಪಿದರೂ ಖಾತಾ ಅರ್ಜಿಗೆ ಆಕ್ಷೇಪಣೆ ಬರಬಹುದು.

ಪ್ರತಿ ಎಲ್ಲಿ, ಹೇಗೆ

ಕನಿಷ್ಠ ಎರಡು ಪ್ರತಿಗಳಿರುವುದು ಒಳಿತು: ಒಂದು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಮನೆಯಿಂದ ದೂರ. ಅದೇ ಹಾರ್ಡ್ ಡಿಸ್ಕ್‌ನ ಡಿ ಡ್ರೈವ್‌ಗೆ ನಕಲು ಮಾಡುವುದನ್ನು ಪ್ರತಿಯೆಂದು ಪರಿಗಣಿಸಲಾಗದು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ದೂರದ ಪ್ರತಿಯನ್ನು ಬ್ಯಾಂಕ್ ಲಾಕರ್‌ನಲ್ಲಾಗಲಿ, ಬನಶಂಕರಿ ಅಥವಾ ಜೆ.ಪಿ. ನಗರದಂತಹ ಬೇರೆ ಬಡಾವಣೆಯ ನೆಂಟರ ಮನೆಯಲ್ಲಾಗಲಿ ಇಡಬಹುದು. ಆಧಾರ್ ಮತ್ತು ಬ್ಯಾಂಕ್ ದಾಖಲೆಗಳಿದ್ದಲ್ಲಿ ಗುಪ್ತಪದದ ರಕ್ಷಣೆ ಅಗತ್ಯ. ನಕಲು ಮುಗಿದ ಕೂಡಲೇ ಹೊರ ಡಿಸ್ಕನ್ನು ಕಳಚಿಡಬೇಕು: 2017ರ ಮೇ ತಿಂಗಳಲ್ಲಿ ಹಲವು ದೇಶಗಳಿಗೆ ಹರಡಿದ ವಾನ್ನಾಕ್ರೈನಂತಹ ಕುತಂತ್ರಾಂಶಗಳು ಜೋಡಿಸಿಟ್ಟ ಡಿಸ್ಕ್‌ನ ಕಡತಗಳನ್ನೂ ಬೀಗ ಹಾಕುತ್ತವೆ. ಪೆನ್ ಡ್ರೈವ್ ಕಚೇರಿಗೆ ಒಯ್ಯಲು ಅನುಕೂಲ, ವರ್ಷಗಟ್ಟಲೆ ಕಾಯ್ದಿರಿಸಲು ಅಲ್ಲ. ಹಿಂದೆ ಸಿ.ಡಿ. ಅಥವಾ ಡಿ.ವಿ.ಡಿ.ಗೆ ಬರೆದಿಟ್ಟವರು ಅವನ್ನು ತಡಮಾಡದೆ ಬೇರೆಡೆಗೆ ವರ್ಗಾಯಿಸಿಕೊಳ್ಳಬೇಕಾಗಿ ಕೋರಲಾಗಿದೆ; ಆ ತಟ್ಟೆಗಳು ಕಾಲಕ್ರಮೇಣ ಹಾಳಾಗುತ್ತವೆ, ಹೊಸ ಗಣಕಯಂತ್ರಗಳಲ್ಲಿ ಅವನ್ನು ಓದುವ ಸಾಧನವೇ ಬಹುಮಟ್ಟಿಗೆ ಇರುವುದಿಲ್ಲ.

ಪ್ರತಿ ಮಾಡಿದ ಮೇಲೆ ಬೇರೊಂದು ಗಣಕಯಂತ್ರದಲ್ಲಿ ನಾಲ್ಕಾರು ಕಡತಗಳನ್ನು ತೆರೆದು ಕೊನೆಯ ಪುಟದವರೆಗೆ ನೋಡತಕ್ಕದ್ದು. ಯಂತ್ರವನ್ನು ದುರಸ್ತಿಗೆ ಕೊಡುವ ಮುನ್ನವೂ ಪ್ರತಿ ಮಾಡಿಕೊಳ್ಳಬೇಕು. ಡಿಸ್ಕ್‌ನಿಂದ ಅಸಹಜ ಶಬ್ದ ಬರುತ್ತಿದ್ದಲ್ಲಿ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡದೆ, ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ತೋರಿಸುವುದು ಸೂಕ್ತ.