ಕುಡಿತದಿಂದ ನೊಂದ ಕುಟುಂಬಗಳಿಗೊಂದು ಆಸರೆ

ಮಾಗಡಿ ಸೀಮೆಯ ಕಲ್ಯ ಗ್ರಾಮವು ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ, ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಅವರ ರಕ್ಷಣೆಯ ಹೊಣೆಯನ್ನು ನೆರೆಯವರಿಗೇ ಒಪ್ಪಿಸಿದನು. ಇದನ್ನು ಸಾರುವ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಉಂಟು. ನೊಂದವರನ್ನು ನೆರೆಯವರ ಕೈಗೆ ಒಪ್ಪಿಸುವ ಈ ಪದ್ಧತಿಯನ್ನು ನಮ್ಮ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸಲು ಕಾರಣವುಂಟು. ಕುಡಿತದಿಂದ ನೊಂದ ಕುಟುಂಬಗಳು ನಮ್ಮ ನಡುವೆಯೇ ಇವೆ. ಅವುಗಳ ಕೈಹಿಡಿಯುವವರು ವಿರಳ.

ಬಲಿಪೂಜೆಯಲ್ಲಿ ದ್ರಾಕ್ಷಾರಸವನ್ನು ಅರ್ಪಿಸುವ ಧರ್ಮಸಭೆಯು ಮದ್ಯವೇ ಪಾಪವೆಂದು ಬೋಧಿಸಿಲ್ಲ. ವಿವೇಕವನ್ನು ಅಪಹರಿಸುವ ಅಮಲನ್ನು ಖಂಡಿಸಿದೆ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಸಭೆಯ ಥಿಯೋಬಾಲ್ಡ್ ಮ್ಯಾಥ್ಯೂ ಸ್ವಾಮಿಗಳು ಪಾನತ್ಯಾಗದ ಪ್ರತಿಜ್ಞೆಯನ್ನು ಬೋಧಿಸಿದಾಗ, ಲಕ್ಷಾಂತರ ಜನರು ಅದನ್ನು ಸ್ವೀಕರಿಸಿದರು. ಆದರೆ 1845ರಿಂದ ಕ್ಷಾಮವು ಬಂದೆರಗಿತು. 1856ರಲ್ಲಿ ಸ್ವಾಮಿಗಳು ದಿವಂಗತರಾದರು. ಆ ಮಹಾ ಚಳವಳಿಯು ಕುಗ್ಗಿಹೋಯಿತು. ಪ್ರತಿಜ್ಞೆಯನ್ನು ಮಾಡಿಸುವುದು ಸುಲಭ. ಅದನ್ನು ಪಾಲಿಸಲು ದಿನನಿತ್ಯದ ಸಂಗಡಿಗರು ಬೇಕು.

ಇಂತಹ ಸಂಗಡಿಗತನವು 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಮೂಡಿತು. ಬಿಲ್ ವಿಲ್ಸನ್ ಮತ್ತು ವೈದ್ಯ ರಾಬರ್ಟ್ ಸ್ಮಿತ್ ಎಂಬ ಇಬ್ಬರು ವ್ಯಸನಿಗಳು ಪರಸ್ಪರರ ಆಸರೆಯಿಂದ ಕುಡಿತವನ್ನು ತೊರೆದು, ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗಕ್ಕೆ ಅಡಿಗಲ್ಲಿಟ್ಟರು. 1939ರಿಂದ ಅಲ್ಲಿಯ ಸಂತ ತೋಮಾಸರ ಆಸ್ಪತ್ರೆಯಲ್ಲಿ ಕನ್ಯಾಸ್ತ್ರೀ ಇಗ್ನೇಷಿಯಾ ಅವರು ಇಂತಹ ರೋಗಿಗಳನ್ನು ಆದರದಿಂದ ಬರಮಾಡಿಕೊಂಡರು. ಗುಣಹೊಂದಿ ಹೊರಡುವವನಿಗೆ ಯೇಸುವಿನ ಪವಿತ್ರ ಹೃದಯದ ಬಿಲ್ಲೆಯೊಂದನ್ನು ಕೊಟ್ಟು, ಮತ್ತೆ ಕುಡಿಯುವ ಮುನ್ನ ಅದನ್ನು ಹಿಂದಿರುಗಿಸಬೇಕೆಂದು ವಚನ ಪಡೆಯುತ್ತಿದ್ದರು.

ಆದರೆ ಮನೆಯವರ ಗತಿಯೇನು? ಕೂಟಗಳಿಗೆ ಪತಿಯೊಡನೆ ಬಂದ ಪತ್ನಿಯರು ತಮ್ಮತಮ್ಮಲ್ಲಿ ಮಾತನಾಡಿಕೊಂಡಾಗ, ಭಯ, ಲಜ್ಜೆ, ಕೋಪಗಳಿಂದ ತಾವೂ ಅಸ್ವಸ್ಥರಾಗಿದ್ದೇವೆಂಬುದು ಅವರಿಗೆ ವಿದಿತವಾಯಿತು. 1951ರಲ್ಲಿ ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ ಮೊದಲಾದವರು ‘ಅಲ್-ಅನಾನ್’ ಎಂಬ ಕುಟುಂಬಗಳ ಬಳಗವನ್ನು ಕಟ್ಟಿದರು. ಗಂಡನ ಕುಡಿತಕ್ಕೆ ಹೆಂಡತಿಯು ಕಾರಣಳಲ್ಲ. ಅದನ್ನು ತಡೆಯುವುದಾಗಲಿ ಗುಣಪಡಿಸುವುದಾಗಲಿ ಅವಳೊಬ್ಬಳ ಶಕ್ತಿಗೆ ಮೀರಿದ್ದು ಎಂಬುದೇ ಅಲ್ಲಿಯ ಮೊದಲ ಪಾಠ. ನಮ್ಮ ಎಷ್ಟೋ ತಾಯಂದಿರು ಈ ಮಾತನ್ನು ಇನ್ನೂ ಯಾರ ಬಾಯಿಂದಲೂ ಕೇಳಿಲ್ಲ.

ನಮ್ಮ ದೇಶದಲ್ಲಿ, ಪತಿಯನ್ನು ಮದ್ಯಕ್ಕೆ ಬಲಿಗೊಟ್ಟ ಶಾಂತಿ ರಂಗನಾಥನ್ ಅವರು 1980ರಲ್ಲಿ ಮದರಾಸಿನಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನವನ್ನು ಸ್ಥಾಪಿಸಿ, ಚಿಕಿತ್ಸೆಯಲ್ಲಿ ಕುಟುಂಬಕ್ಕೂ ಸ್ಥಾನ ಕಲ್ಪಿಸಿದರು. 1981ರಲ್ಲಿ ಪೂಜ್ಯ ಜೋ ಪಿರೇರಾ ಅವರ ‘ಕೃಪಾ’ ಸಂಸ್ಥೆಯು ಆರಂಭವಾದುದು ಮುಂಬಯಿಯ ಬಾಂದ್ರಾದ ಕಾರ್ಮೆಲ್ ಮಾತೆಯ ದೇವಾಲಯದ ಆಶ್ರಯದಲ್ಲಿ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಗ್ಗೂಡಿಸಿದೆ.

ಕಾನೂನೊಂದರಿಂದಲೇ ಮನೆ ನೆಟ್ಟಗಾಗದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವು ಮುನ್ನೂರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಕಳ್ಳಭಟ್ಟಿಯಿಂದ ಮತ್ತೆ ಸಾವುಗಳು ಸಂಭವಿಸಿದವು. ರೇಷ್ಮೆಗೂಡು, ಮಾವು ಮಾರಿದ ಹಣವು ಮನೆ ಸೇರುವ ಮೊದಲೇ ಅಂಗಡಿ ಸೇರುವುದು ಇಂದಿಗೂ ತಪ್ಪಿಲ್ಲ.

ಆದಕಾರಣ ಈ ಶತಮಾನೋತ್ಸವದ ಸ್ಮಾರಕವಾಗಿ ದೇವಾಲಯದ ಆವರಣದ ಕೊಠಡಿಯೊಂದನ್ನು ಇಂತಹ ಕುಟುಂಬಗಳಿಗೆ ಮೀಸಲಿಡೋಣ. ವಾರಕ್ಕೊಮ್ಮೆ ಪತ್ನಿಯರು ಒಂದೆಡೆ, ಮಕ್ಕಳು ಇನ್ನೊಂದೆಡೆ ಕುಳಿತು ಮಾತನಾಡಲಿ. ಜಾತಿ ಮತಗಳನ್ನು ಯಾರೂ ಕೇಳದಿರಲಿ. ಅಲ್ಲಿಯ ಮಾತು ಪಾಪನಿವೇದನೆಯ ಗುಟ್ಟಿನಂತೆ ಅಲ್ಲಿಯೇ ಉಳಿಯಲಿ. ಬಹುಕಾಲ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಸೆಳವು ಬಂದು ಪ್ರಾಣಕ್ಕೂ ಅಪಾಯವಾದೀತು. ಅಂತಹವನನ್ನು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಕರೆದೊಯ್ಯುವ ಸ್ವಯಂಸೇವಕರು ಸಿದ್ಧರಿರಲಿ. ಪತಿಯು ಕುಡಿತವನ್ನು ಬಿಡಲಿ, ಬಿಡದಿರಲಿ, ಪತ್ನಿಗೂ ಮಕ್ಕಳಿಗೂ ಆ ಬಾಗಿಲು ತೆರೆದಿರಬೇಕು.

ಗಾಯಗೊಂಡವನನ್ನು ಛತ್ರಕ್ಕೆ ಒಯ್ದ ಸಮಾರಿಯದವನು ಅವನ ಆರೈಕೆಗೆ ಹಣವನ್ನೂ ಕೊಟ್ಟನು, ಮರಳಿ ಬರುವೆನೆಂದೂ ಹೇಳಿದನು. ಅಂತಹ ದಯೆಯನ್ನು ನಮ್ಮ ಧರ್ಮಕೇಂದ್ರಕ್ಕೆ ಕರುಣಿಸೆಂದು ಯೇಸುಸ್ವಾಮಿಯನ್ನು ಪ್ರಾರ್ಥಿಸೋಣ.