ವಾರಾನ್ನದಿಂದ ಪಿಜಿವರೆಗೆ

ಪಿಯುಸಿ ಮುಗಿಸಿ ಊರು ಬಿಡೋ ಹುಡುಗರಿಗೆ ಈಗ ಇರೋದು ಮೂರು ದಾರಿ. ಹಾಸ್ಟೆಲ್, ಪಿಜಿ, ಇಲ್ಲಾಂದ್ರೆ ನಾಲ್ಕು ಜನ ಸೇರಿ ಹಿಡಿಯೋ ರೂಮು. ನಮ್ಮ ವಡ್ಡು, ತೋರಣಗಲ್ಲು ಕಡೆ ಅಡ್ಮಿಷನ್ ಸಮಯದಲ್ಲಿ ಮನೆಮನೆಯಲ್ಲೂ ಇದೇ ಲೆಕ್ಕಾಚಾರ. ಬಾಡಿಗೆ ಎಷ್ಟು, ಊಟ ಹೆಂಗೆ, ವೈಫೈ ಇದೆಯಾ... ನೂರು ವರ್ಷದ ಹಿಂದೆ ಓದೋಕೆ ಹೊರಟವನಿಗೆ ಇದ್ದದ್ದು ಒಂದೇ ಪ್ರಶ್ನೆ: ಅನ್ನ ಯಾರು ಹಾಕ್ತಾರೆ?

ಮೊದಲು ದೂರದ ಮಾತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಸಂಡೂರಂತೂ 1949ರವರೆಗೆ ಘೋರ್ಪಡೆಯವರ ಪುಟ್ಟ ಸಂಸ್ಥಾನ. ಡಿಗ್ರಿ ಬೇಕೆಂದರೆ ರೈಲು ಹತ್ತಿ ಗುಂತಕಲ್ ಮೇಲೆ ಅನಂತಪುರಕ್ಕೋ ಮದ್ರಾಸಿಗೋ ಹೋಗಬೇಕು, ಇಲ್ಲಾ ಅದೇ ಹಳಿಯಲ್ಲಿ ಆ ಕಡೆ ಧಾರವಾಡಕ್ಕೆ. ಅನಂತಪುರದ ಕಾಲೇಜು 1916ರದ್ದು, ಧಾರವಾಡದ ಕರ್ನಾಟಕ ಕಾಲೇಜು 1917ರದ್ದು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಬಂದದ್ದು 1945ರಲ್ಲಿ.

ಹೋದ ಮೇಲೆ ಊಟ? ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ಖರ್ಚು ಸೊನ್ನೆ. ಆದರೆ ಆ ಮನೆಯಲ್ಲಿ ಸೂತಕವಾದರೆ, ಮನೆಯವರು ಊರಿಗೆ ಹೋದರೆ, ಅವತ್ತು ಉಪವಾಸ. ಮನೆಯಾಕೆಯ ಮುಖ ನೋಡಿಕೊಂಡು ಎರಡನೇ ಸಲ ಸಾರು ಕೇಳಬೇಕೋ ಬೇಡವೋ ಅಂತ ತೀರ್ಮಾನಿಸಬೇಕು! ಇನ್ನು ಕೆಲವರು ಪಾಠ ಹೇಳಿ ದಿನ ತಳ್ಳುತ್ತಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಒಂದು ಕೊಡವ ಕುಟುಂಬದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1881ರಲ್ಲಿ ಅವರ ಬಿ.ಎ. ಮುಗಿಯಿತು.

ವಾರಾನ್ನದ ಬಾಗಿಲು ಉಳಿದವರಿಗೆ ತೆರೆದಿರಲಿಲ್ಲ. ಹಾಗಾಗಿ ಒಂದೊಂದು ಸಮುದಾಯವೂ ತನ್ನ ಹುಡುಗರಿಗೆ ತಾನೇ ಹಾಸ್ಟೆಲ್ ಕಟ್ಟಿತು. ನಮ್ಮಲ್ಲಿ ಜಾತಿ ಹಾಸ್ಟೆಲ್ ಅಂದ ತಕ್ಷಣ ಮುಖ ಸಿಂಡರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಂಕ್ತಿಯಲ್ಲಿ ಕೂರಿಸದ ಊರಲ್ಲಿ ಹಳ್ಳಿಯ ಹುಡುಗ ಇನ್ನೆಲ್ಲಿ ಉಣ್ಣಬೇಕಿತ್ತು? ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1920ರ ದಶಕದಲ್ಲಿ ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದದ್ದು ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿ ನಿಲಯದಲ್ಲಿ ಇದ್ದುಕೊಂಡೇ. ಆಮೇಲೆ ಅವರು ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ ಹಾಕಿದ್ದು ಎಲ್ಲರಿಗೂ ಗೊತ್ತು. ಮಠದ ಪ್ರಸಾದ ನಿಲಯದಲ್ಲಿ ದುಡ್ಡಿಲ್ಲ, ಆದರೆ ಬೆಳಗಿನ ಜಾವ ಏಳಬೇಕು, ಪ್ರಾರ್ಥನೆ ತಪ್ಪಿಸುವಂತಿಲ್ಲ (ನಾನಂತೂ ಒಂದು ವಾರ ಬಾಳುತ್ತಿರಲಿಲ್ಲ :-)).

ದಲಿತ ಹುಡುಗರ ಪಾಡು ಇನ್ನೂ ಕಷ್ಟ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ಈ ಕೆಲಸಕ್ಕೆ ಇಳಿದು ಊರವರಿಂದ ಬಹಿಷ್ಕಾರ ಅನುಭವಿಸಿದರು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಬಗ್ಗೆ ಸಿದ್ದಲಿಂಗಯ್ಯನವರು ‘ಊರುಕೇರಿ’ಯಲ್ಲಿ ಬರೆದಿದ್ದಾರೆ, ಓದಿಲ್ಲದಿದ್ದರೆ ಓದಿ. ಹುಡುಗಿಯರ ವಿಷಯಕ್ಕೆ ಬಂದರೆ ಹೋಲಿಸಲು ಹೆಚ್ಚೇನೂ ಇಲ್ಲ. ನೆಂಟರ ಮನೆ ಇದ್ದರೆ ಓದು, ಇಲ್ಲದಿದ್ದರೆ ಮದುವೆ.

ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ದೇವರಾಜ ಅರಸು ಕಾಲಕ್ಕೆ, 1970ರ ದಶಕದಲ್ಲಿ. ನಮ್ಮ ಕಡೆ ಜನ ಇವತ್ತಿಗೂ ‘ಬಿಸಿಎಂ ಹಾಸ್ಟೆಲ್’ ಅನ್ನೋದು ಆ ಕಾಲದ ಹಿಂದುಳಿದ ವರ್ಗಗಳ ಇಲಾಖೆಯ ಹೆಸರಿನಿಂದಲೇ. ಇಲ್ಲಿ ಯಾರ ಮುಖವನ್ನೂ ನೋಡಬೇಕಿಲ್ಲ, ಅರ್ಜಿ ಹಾಕಿದರೆ ಆಯಿತು. ತೊಂದರೆ ಅಂದರೆ ಸೀಟು ಸಾಲದು. ಸಿಗದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಶುರುವಾಯಿತು, ಆಗ ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ 10 ತಿಂಗಳು. ಬೆಂಗಳೂರಿನ ಪಿಜಿಯಲ್ಲಿ ಅಷ್ಟಕ್ಕೆ ಮಂಚದ ಕಾಲೂ ಸಿಗಲ್ಲ, ಬಳ್ಳಾರಿಯಲ್ಲಿ ಮೂವರು ಸೇರಿದರೆ ಒಂದು ರೂಮಿನ ಬಾಡಿಗೆಗಾದರೂ ಆದೀತು.

ಅಂದ ಹಾಗೆ, ದುಡ್ಡಿದ್ದು ರೂಮೇ ಮಾಡ್ತೀನಿ ಅಂದವನಿಗೆ ಓನರ್ ಅಡ್ವಾನ್ಸ್ ಹೇಳೋದಕ್ಕಿಂತ ಮೊದಲು ಕೇಳೋದು, "ನೀವು ಯಾವ ಪೈಕಿ?"