ಬೂಷ್ಟು ಹಿಡಿದ ಮೇವಿನಿಂದ ಬಂದ ಮದ್ದು

ಕಾಲಿನ ಒಳಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವ ಬೇನೆಯ ಚಿಕಿತ್ಸೆಗೆ ಒಂದು ಚರಿತ್ರೆಯುಂಟು. ಅದರ ಮುಖ್ಯ ಅಧ್ಯಾಯ ನಡೆದದ್ದು ದನದ ಕೊಟ್ಟಿಗೆಯಲ್ಲಿ. ಹಾಲನ್ನೂ ರೇಷ್ಮೆಯನ್ನೂ ನಂಬಿದ ಕೋಲಾರ ಸೀಮೆಯ ಶ್ರೋತೃಗಳಿಗೆ ಅದನ್ನು ಹೇಳುವುದು ಉಚಿತವೆಂದು ನನಗೆ ತೋರಿತು.

ಬಾಣಂತಿಯ ಕಾಲು ಬಿಳಿಚಿ ಊದಿದರೆ, ಎದೆಹಾಲು ಕಾಲಿಗೆ ಇಳಿಯಿತೆಂದು ಹಿಂದಿನ ಯುರೋಪಿನ ವೈದ್ಯರು ನಂಬಿದ್ದರು. ಜಿಗಣೆ ಕಚ್ಚಿಸುವುದು, ವಾರಗಟ್ಟಲೆ ಮಲಗಿಸುವುದು ಅವರ ಚಿಕಿತ್ಸೆ. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ ೧೮೫೬ರ ಹೊತ್ತಿಗೆ ವಿಶದಪಡಿಸಿದ್ದ. ೧೯೧೬ರಲ್ಲಿ ಅಮೆರಿಕದಲ್ಲಿ ನಾಯಿಯ ಯಕೃತ್ತಿನಿಂದ ಹೆಪಾರಿನ್ನಿನ ಸುಳಿವು ದೊರೆಯಿತು. ಆದರೆ ಅದನ್ನು ಚುಚ್ಚಿಯೇ ಕೊಡಬೇಕು.

ನುಂಗುವ ಮದ್ದು ಬಂದ ದಾರಿ ಬೇರೆ. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವು ನೆನೆದು ಬೂಷ್ಟು ಹಿಡಿದದ್ದೇ ಕಾರಣ. ೧೯೩೩ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ, ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಆ ಮೇವನ್ನೂ ಹೇರಿಕೊಂಡು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕನಲ್ಲಿಗೆ ಬಂದ. ಮೇವಿನೊಳಗಿನ ವಸ್ತು ೧೯೩೯ರಲ್ಲಿ ಹರಳಾಗಿ ಕೈಗೆ ಸಿಕ್ಕಿತು. ಅದರ ತಂಗಿಯಾದ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ೧೯೫೪ರಲ್ಲಿ ಮನುಷ್ಯರ ಮದ್ದಾಯಿತು.

ವಾರ್ಫರಿನ್ ತಡೆಯುವುದು ಕೆ ಜೀವಸತ್ವದ ಕೆಲಸವನ್ನು. ಆ ಸತ್ವ ಹೇರಳವಾಗಿರುವುದು ಹಸಿರು ಸೊಪ್ಪಿನಲ್ಲಿ. ಮಳೆ ಬಿದ್ದ ವಾರ ಬೆರಕೆಸೊಪ್ಪಿನ ಮಸ್ಸೊಪ್ಪು, ಬಸ್ಸಾರು. ಬೇಸಗೆಯಲ್ಲಿ ಬರಿಯ ಹುರುಳಿಸಾರು. ಹೀಗೆ ಉಣ್ಣುವ ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಮಾತ್ರೆಯ ಬಲ ಏರಿಳಿಯದೆ ಇದ್ದೀತೆ? ಸೊಪ್ಪನ್ನೇ ಮುಟ್ಟಬೇಡವೆಂಬ ಆಜ್ಞೆ ನನಗೆ ಒಪ್ಪಿಗೆಯಿಲ್ಲ. ಮುದ್ದೆಗೆ ಮತ್ತಾವ ನಂಟು? ದಿನವೂ ಸುಮಾರಾಗಿ ಒಂದೇ ಅಳತೆಯಲ್ಲಿ ಉಂಡರೆ ಸಾಕು. ಆದರೆ ರಕ್ತಪರೀಕ್ಷೆ ತಪ್ಪುವಂತಿಲ್ಲ. ಐ.ಎನ್.ಆರ್. ಎಂಬ ಅಳತೆ ೨ರಿಂದ ೩ರೊಳಗಿರಬೇಕು: ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ೧೯೮೬ರಲ್ಲಿ ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾಯಿತು, ನಿಜ. ಆದರೂ ಮಾಲೂರಿನ ಇಟ್ಟಿಗೆಗೂಡಿನ ಆಳು ದೂರದ ಪರೀಕ್ಷೆಗೆ ಹೊರಟನೆಂದರೆ ಅಂದಿನ ಕೂಲಿ ಹೋಯಿತು.

ಈಚಿನ ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳಿಗೆ ಸೊಪ್ಪಿನ ಹಂಗಿಲ್ಲ, ಪದೇ ಪದೇ ಆ ಪರೀಕ್ಷೆಯೂ ಬೇಡ. ಯಾವುದಾದರೂ ಕನಿಷ್ಠ ಮೂರು ತಿಂಗಳು ನುಂಗಬೇಕಾದದ್ದೇ ವಾಡಿಕೆ; ಊತ ಇಳಿಯಿತೆಂದು ನಡುವೆ ಬಿಡುವಂತಿಲ್ಲ. ಗರ್ಭಿಣಿಗೆ ಮಾತ್ರ ಈ ಮಾತ್ರೆಗಳು ಸಲ್ಲವು. ಅವಳಿಗೆ ಇಂದಿಗೂ ಹೆಪಾರಿನ್ನಿನ ಸಂತತಿಯ ಚುಚ್ಚುಮದ್ದೇ ಗತಿ. ಅದು ಮಾಸನ್ನು ದಾಟಿ ಕೂಸನ್ನು ಸೇರುವುದಿಲ್ಲ.